ಮೇದೋಜೀರಕದಲ್ಲಿ ನೀರ್ಗುಳ್ಳೆ: ಸ್ಕ್ಯಾನ್ ವರದಿ ಕೈಗೆ ಬಂದ ಮೇಲೆ ಹಂತ ಹಂತವಾಗಿ

ಮೂತ್ರಪಿಂಡದ ಕಲ್ಲಿಗೆಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುತ್ತಾರೆ. ವರದಿಯಲ್ಲಿ ಕಲ್ಲಿನ ಸಂಗತಿ ಎರಡು ಸಾಲಿಗೆ ಮುಗಿದಿರುತ್ತದೆ. ಅದರ ಕೆಳಗೆ ಯಾರೂ ಕೇಳಿರದ ಮೂರನೆಯ ಸಾಲೊಂದು ಕುಳಿತಿರುತ್ತದೆ: ಮೇದೋಜೀರಕ ಗ್ರಂಥಿಯಲ್ಲಿ 18 ಮಿ.ಮೀ. ಸಿಸ್ಟ್, ಹೆಚ್ಚಿನ ಪರೀಕ್ಷೆ ಅಗತ್ಯ. ಕಲ್ಲಿನ ನೋವು ಅಲ್ಲಿಗೆ ಮರೆತೇ ಹೋಗುತ್ತದೆ. ರಾತ್ರಿ ಮನೆಯವರೆಲ್ಲ ಮೊಬೈಲ್ ಹಿಡಿದು ಕೂರುತ್ತಾರೆ. ಬೆಳಗಾಗುವಷ್ಟರಲ್ಲಿ ಕ್ಯಾನ್ಸರ್ ಎಂಬ ತೀರ್ಪು ಮನೆಯಲ್ಲೇ ಬರೆದು ಮುಗಿದಿರುತ್ತದೆ.

ಇಂತಹ ಮೂರನೆಯ ಸಾಲುಗಳನ್ನು ಬರೆಯುವುದು ನನ್ನ ಕೆಲಸ. ಆದ್ದರಿಂದ ಆ ಸಾಲಿನ ಅರ್ಥವನ್ನು ಬಿಡಿಸಿ ಹೇಳುವ ಹೊಣೆಯೂ ನನ್ನದೇ ಎಂದುಕೊಂಡಿದ್ದೇನೆ. ಮೇದೋಜೀರಕದ ಸಿಸ್ಟ್ ಎನ್ನುವುದು ಒಂದು ಕಾಯಿಲೆಯ ಹೆಸರಲ್ಲ. ಅಲ್ಲಿ ನೀರು ತುಂಬಿದ ಜಾಗವೊಂದಿದೆ ಎಂಬಷ್ಟೇ ಸುದ್ದಿ. 2008ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಬೇರೆ ಕಾರಣಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡ 2,832 ಜನರಲ್ಲಿ ನೂರಕ್ಕೆ 2.6ರಷ್ಟು ಮಂದಿಗೆ ಇಂತಹ ಸಿಸ್ಟ್ ಕಂಡಿತ್ತು. ನೀರನ್ನು ಇನ್ನಷ್ಟು ಸೂಕ್ಷ್ಮವಾಗಿ ಹಿಡಿಯುವ ಎಂ.ಆರ್.ಐ.ಯಲ್ಲಿ ಈ ಪ್ರಮಾಣ ನೂರಕ್ಕೆ ಹತ್ತನ್ನು ದಾಟುತ್ತದೆ. ವಯಸ್ಸಾದಂತೆ ಹೆಚ್ಚುತ್ತದೆ. ಇವುಗಳಲ್ಲಿ ಬಹುಪಾಲು ಯಾರಿಗೂ ಯಾವ ತೊಂದರೆಯನ್ನೂ ಕೊಡದೆ ಇದ್ದುಬಿಡುತ್ತವೆ. ಕೆಲವು ಮಾತ್ರ ಕೊಡುತ್ತವೆ. ಆ ಕೆಲವನ್ನು ಚಿತ್ರದಲ್ಲಿ ಹೇಗೆ ಆರಿಸುತ್ತೇವೆ ಎಂಬುದೇ ಮುಂದಿನ ವಿಷಯ. ವರದಿ ಹಿಡಿದು ನಿಂತ ಮನೆಯವರನ್ನೂ ಅವರು ಮೊದಲು ಓಡಿ ಹೋಗುವ ಕುಟುಂಬ ವೈದ್ಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲ ಹಂತ: ಯಂತ್ರಕ್ಕಿಂತ ಮುಂಚೆ ಅಟ್ಟ

ಕೆಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕಿಯೊಬ್ಬರು ಬಂದಿದ್ದರು. ಪಿತ್ತಕೋಶದ ಕಲ್ಲಿಗೆ ಮಾಡಿದ ಸ್ಕ್ಯಾನ್‌ನಲ್ಲಿ, ಮೇದೋಜೀರಕದ ನಡುಭಾಗದಲ್ಲಿ 22 ಮಿ.ಮೀ. ಸಿಸ್ಟ್ ಸಿಕ್ಕಿತ್ತು. ಬೇರೊಂದು ಕಡೆ ಶಸ್ತ್ರಚಿಕಿತ್ಸೆಯ ಮಾತು ಆಗಲೇ ಎದ್ದಿತ್ತು. ಹಿಂದೆ ಯಾವಾಗಲಾದರೂ ಹೊಟ್ಟೆಯ ಸ್ಕ್ಯಾನ್ ಆಗಿತ್ತೇ ಎಂದು ಕೇಳಿದೆ. ಇಲ್ಲ ಎಂದರು. ಜೊತೆಗೆ ಬಂದಿದ್ದ ಮಗಳು, ‘ಅಮ್ಮಾ, ನನ್ನ ಮದುವೆಗೆ ಮುಂಚೆ ಹೊಟ್ಟೆನೋವು ಅಂತ ಮಾಡಿಸಿರಲಿಲ್ಲವೇ?’ ಎಂದರು. ಮರುದಿನ ಅಟ್ಟದಿಂದ ಇಳಿದ ಒಂದು ಹಳದಿ ಕವರ್ ನನ್ನ ಮೇಜಿಗೆ ಬಂತು. ಧೂಳು ಕೊಡವಿ ಫಿಲಂ ಬೆಳಕಿಗೆ ಹಿಡಿದರೆ, ಒಂಬತ್ತು ವರ್ಷದ ಹಿಂದೆಯೂ ಅದೇ ಜಾಗದಲ್ಲಿ ಅದೇ ಗುಳ್ಳೆ, ಅಷ್ಟೇ ಗಾತ್ರ. ಶಸ್ತ್ರಚಿಕಿತ್ಸೆಯ ಮಾತು ಅಲ್ಲಿಗೆ ನಿಂತಿತು.

ಮೇದೋಜೀರಕದ ಸಿಸ್ಟ್ ವಿಷಯದಲ್ಲಿ ಹಳೆಯ ಚಿತ್ರಕ್ಕೆ ಸಮನಾದ ಪರೀಕ್ಷೆ ಇನ್ನೊಂದಿಲ್ಲ ಎನ್ನುವವನು ನಾನು. ಅದಕ್ಕೆ ಖರ್ಚಿಲ್ಲ, ಸೂಜಿಯಿಲ್ಲ, ವಿಕಿರಣವಿಲ್ಲ. ಹೊಟ್ಟೆಯ ಯಾವ ಕಾರಣಕ್ಕೇ ಆಗಲಿ ಹಿಂದೆ ಮಾಡಿಸಿದ ಅಲ್ಟ್ರಾಸೌಂಡ್, ಸಿ.ಟಿ., ಎಂ.ಆರ್.ಐ. ಎಲ್ಲವನ್ನೂ ಮೊದಲು ಹುಡುಕಿ. ಬೆನ್ನುನೋವಿಗೆ ಮಾಡಿದ ಎಂ.ಆರ್.ಐ.ಯ ಅಂಚಿನಲ್ಲೂ ಮೇದೋಜೀರಕದ ತುಣುಕು ಸಿಕ್ಕಿಬಿದ್ದಿರುವುದುಂಟು.

ಚಿತ್ರದ ಜೊತೆಗೆ ಕಥೆಯೂ ಬೇಕು. ಹಿಂದೆ ಹೊಟ್ಟೆಯ ಮೇಲ್ಭಾಗದಲ್ಲಿ ತೀವ್ರ ನೋವು ಬಂದು ಆಸ್ಪತ್ರೆಗೆ ಸೇರಿದ್ದುಂಟೇ? ಮದ್ಯಪಾನ ಇದೆಯೇ, ಪಿತ್ತದ ಕಲ್ಲು ಇದೆಯೇ? ಬೈಕಿನ ಹ್ಯಾಂಡಲ್ ಹೊಟ್ಟೆಗೆ ಬಡಿದ ಅಪಘಾತ ಆಗಿತ್ತೇ? ಈಚೆಗೆ ಸಕ್ಕರೆ ಕಾಯಿಲೆ ಹೊಸದಾಗಿ ಶುರುವಾಯಿತೇ, ಇದ್ದ ಸಕ್ಕರೆ ಕೈಮೀರಿತೇ? ತೂಕ ಇಳಿದಿದೆಯೇ, ಕಣ್ಣು ಹಳದಿಯಾಗಿದೆಯೇ? ಹತ್ತಿರದ ರಕ್ತಸಂಬಂಧಿಗಳಲ್ಲಿ ಮೇದೋಜೀರಕದ ಕ್ಯಾನ್ಸರ್ ಇತ್ತೇ? ಇವುಗಳ ಉತ್ತರವಿಲ್ಲದೆ ಚಿತ್ರ ಓದುವುದೆಂದರೆ ವಿಳಾಸವಿಲ್ಲದ ಕಾಗದವನ್ನು ಊರೆಲ್ಲ ಹೊತ್ತು ತಿರುಗಿದಂತೆ.

ಎರಡನೆಯ ಹಂತ: ಅದು ಸಿಸ್ಟ್ ಹೌದೇ, ಅಲ್ಲಿಯದೇ?

ಮೇದೋಜೀರಕ ಹೊಟ್ಟೆಯ ಹಿಂಬದಿಯಲ್ಲಿ, ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಗ್ರಂಥಿ. ಉದ್ದ ಸುಮಾರು 15 ಸೆಂ.ಮೀ. ತಲೆಭಾಗ ಸಣ್ಣ ಕರುಳಿನ ಮೊದಲ ಬಳಸಿನೊಳಗೆ ಕೂತಿದ್ದರೆ ಬಾಲ ಎಡಕ್ಕೆ ಗುಲ್ಮದವರೆಗೆ ಚಾಚಿರುತ್ತದೆ. ಇಷ್ಟು ಇಕ್ಕಟ್ಟಿನ ಕೇರಿಯಲ್ಲಿ ನೆರೆಮನೆಯವರ ಗುಳ್ಳೆಯನ್ನು ಇವರ ಲೆಕ್ಕಕ್ಕೆ ಬರೆಯುವುದು ಸುಲಭ. ಸಣ್ಣ ಕರುಳಿನ ಗೋಡೆಯಲ್ಲಿ ಉಬ್ಬಿದ ಚೀಲಕ್ಕೆ ನೀರು ತುಂಬಿಕೊಂಡರೆ ತಲೆಭಾಗದ ಸಿಸ್ಟ್‌ನಂತೆಯೇ ಕಾಣುತ್ತದೆ. ಅದರಲ್ಲಿ ಗಾಳಿಯ ಗುಳ್ಳೆಯೊಂದು ಕಂಡರೆ ಗುಟ್ಟು ರಟ್ಟಾಗುತ್ತದೆ. ಪಿತ್ತನಾಳ ಉಬ್ಬಿದರೂ ಹಾಗೆಯೇ.

ನಮ್ಮ ದೇಶದಲ್ಲಿ ಕ್ಷಯವನ್ನೂ ನೆನಪಿಡಬೇಕು. ಮೇದೋಜೀರಕದ ಸುತ್ತಲಿನ ಹಾಲ್ರಸ (ಲಿಂಫ್) ಗ್ರಂಥಿಗಳು ಕ್ಷಯದಿಂದ ಒಳಗೇ ಕರಗಿ, ಅಂಚು ಮಾತ್ರ ಬೆಳಗುವ ಸಿಸ್ಟ್‌ಗಳಂತೆ ಕಾಣುವುದುಂಟು. ಜ್ವರ, ತೂಕ ಇಳಿಕೆ, ಅಕ್ಕಪಕ್ಕ ಇನ್ನಷ್ಟು ಗಂಟುಗಳು ಇದ್ದರೆ ಆ ಅನುಮಾನ ಬರಲೇಬೇಕು.

ಇವೆಲ್ಲಕ್ಕಿಂತ ಅಪಾಯದ ವೇಷಧಾರಿ ಇನ್ನೊಂದಿದೆ. ಉರಿಯೂತದಿಂದ ಪಕ್ಕದ ರಕ್ತನಾಳದ ಗೋಡೆ ಕೊರೆದು, ಅಲ್ಲಿ ರಕ್ತದ ಗುಳ್ಳೆ ಕಟ್ಟುತ್ತದೆ. ಬರೀ ಅಲ್ಟ್ರಾಸೌಂಡ್‌ನ ಕಪ್ಪುಬಿಳುಪಿನಲ್ಲಿ ಅದು ನೀರಿನ ಸಿಸ್ಟ್‌ನಂತೆಯೇ ಕಪ್ಪಗಿರುತ್ತದೆ. ಡಾಪ್ಲರ್ ಬಣ್ಣ ಹಾಕಿದ ಕೂಡಲೇ ಒಳಗೆ ಸುತ್ತುವ ರಕ್ತ ಕಾಣುತ್ತದೆ. ಹಾಗೆ ನೋಡದೆ ಸೂಜಿ ಹಾಕಿದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಮೇದೋಜೀರಕದ ಯಾವ ಸಿಸ್ಟ್‌ಗೂ ಡಾಪ್ಲರ್ ಅಥವಾ ಕಾಂಟ್ರಾಸ್ಟ್ ಚಿತ್ರ (ರಕ್ತಕ್ಕೆ ಔಷಧಿ ಸೇರಿಸಿ ತೆಗೆಯುವುದು) ನೋಡದೆ ಸೂಜಿ ತಾಗಿಸಬಾರದು.

ಮೂರನೆಯ ಹಂತ: ಯಾವ ಸ್ಕ್ಯಾನ್, ಯಾವ ತಯಾರಿ

ಅಲ್ಟ್ರಾಸೌಂಡ್ ಅಗ್ಗ, ಎಲ್ಲ ತಾಲ್ಲೂಕಿನಲ್ಲೂ ಸಿಗುತ್ತದೆ, ಸಿಸ್ಟ್‌ಗಳನ್ನು ಮೊದಲು ಹಿಡಿದುಕೊಡುವುದೂ ಸಾಮಾನ್ಯವಾಗಿ ಅದೇ. ಆದರೆ ಗ್ಯಾಸ್ ಅದರ ಹಗೆ. ಕರುಳಿನ ಗಾಳಿ ಎದುರಾದರೆ ಹಿಂದಿರುವ ಗ್ರಂಥಿ, ಅದರಲ್ಲೂ ಬಾಲದ ಭಾಗ, ಮರೆಯಾಗಿಬಿಡುತ್ತದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುವುದು ಇದಕ್ಕಾಗಿಯೇ. ಎರಡು ಲೋಟ ನೀರು ಕುಡಿಸಿದರೆ ತುಂಬಿದ ಜಠರವೇ ಕಿಟಕಿಯಾಗಿ ಒಳಗಿನದು ಸ್ವಲ್ಪ ಚೆನ್ನಾಗಿ ಕಾಣುತ್ತದೆ. ಇಷ್ಟಾದರೂ, ಅಲ್ಟ್ರಾಸೌಂಡ್ ಒಂದನ್ನೇ ನಂಬಿ ಈ ಗ್ರಂಥಿಯ ಸಿಸ್ಟ್‌ಗೆ ಹೆಸರಿಡಲು ಹೋಗಬಾರದು.

ಮುಂದಿನ ಆಯ್ಕೆ ಸಿ.ಟಿ.ಯೋ ಎಂ.ಆರ್.ಐ.ಯೋ? ತೀವ್ರ ನೋವು, ಜ್ವರ, ರಕ್ತಸ್ರಾವದ ಅನುಮಾನ ಇದ್ದವರಿಗೆ ಸಿ.ಟಿ. ಮೊದಲು, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ, ಸುಣ್ಣ ಕಟ್ಟಿದ ಜಾಗವನ್ನು ಅದರಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸುವುದಿಲ್ಲ. ನೋವಿಲ್ಲದೆ ಆಕಸ್ಮಿಕವಾಗಿ ಸಿಕ್ಕ ಸಿಸ್ಟ್‌ಗೆ ಎಂ.ಆರ್.ಐ. ಜೊತೆಗೆ ಎಂ.ಆರ್.ಸಿ.ಪಿ. (ನಾಳಗಳನ್ನೇ ತೋರಿಸುವ ಬಗೆಯ ಎಂ.ಆರ್.ಐ.) ಉತ್ತಮ. ಮತ್ತೆ ಮತ್ತೆ ನೋಡಬೇಕಾಗಿ ಬಂದರೂ ವಿಕಿರಣದ ಚಿಂತೆ ಇರುವುದಿಲ್ಲ.

ಸಿ.ಟಿ. ಮಾಡುವುದೇ ಆದರೆ ಮೇದೋಜೀರಕಕ್ಕೆಂದೇ ಇರುವ ಕ್ರಮದಲ್ಲಿ ಮಾಡಬೇಕು. ಚೀಟಿಯಲ್ಲಿ ವೈದ್ಯರು ಬರೀ ಹೊಟ್ಟೆಯ ಸಿ.ಟಿ. ಎಂದು ಬರೆದರೆ ಒಂದೇ ಹಂತದ ಚಿತ್ರ ತೆಗೆದು ಕಳಿಸಿಬಿಡುತ್ತಾರೆ. ಕಾಂಟ್ರಾಸ್ಟ್ ಔಷಧಿ ಕೊಟ್ಟ 35ರಿಂದ 45 ಸೆಕೆಂಡಿಗೆ ಒಮ್ಮೆ, 65ರಿಂದ 70 ಸೆಕೆಂಡಿಗೆ ಮತ್ತೊಮ್ಮೆ, ತೆಳುವಾದ ಪದರಗಳಲ್ಲಿ ಚಿತ್ರ ಬೇಕು. ಮೊದಲ ಹಂತದಲ್ಲಿ ಗ್ರಂಥಿ ಚೆನ್ನಾಗಿ ಬೆಳಗಿ, ಬೆಳಗದೆ ಉಳಿದ ಗಡ್ಡೆ ಎದ್ದು ಕಾಣುತ್ತದೆ. ಎರಡನೆಯದರಲ್ಲಿ ಅಭಿಧಮನಿಗಳೂ ಯಕೃತ್ತೂ ಸ್ಪಷ್ಟವಾಗುತ್ತವೆ. ಬಾಯಿಗೆ ಬಿಳಿಯ ಔಷಧಿಯ ಬದಲು ಬರೀ ನೀರು ಕುಡಿಸುವುದೇ ಒಳ್ಳೆಯದು.

ತಯಾರಿ ದೊಡ್ಡದೇನಲ್ಲ. ನಾಲ್ಕರಿಂದ ಆರು ಗಂಟೆ ಉಪವಾಸ. ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯ ಹೊಸ ಚೀಟಿ. ಹಿಂದೆ ಕಾಂಟ್ರಾಸ್ಟ್‌ಗೆ ಮೈ ತುರಿಸಿದ್ದರೆ, ಉಸಿರು ಕಟ್ಟಿದ್ದರೆ ಮೊದಲೇ ಹೇಳಿ. ಮೂತ್ರಪಿಂಡದ ತೊಂದರೆ ಇದ್ದು ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಹೇಳಿ. ಎಂ.ಆರ್.ಐ.ಗೆ ಮುನ್ನ ಪೇಸ್‌ಮೇಕರ್, ಕಿವಿಯೊಳಗಿನ ಯಂತ್ರ, ಮಿದುಳಿನ ಕ್ಲಿಪ್ ಯಾವುದಿದ್ದರೂ ತಿಳಿಸಲೇಬೇಕು. ತಾಳಿಸರ, ಕಾಲುಂಗುರ ತೆಗೆಯಬೇಕೆಂದಾಗ ಕೆಲವರು ಅಳುಕುತ್ತಾರೆ. ಯಾವುದನ್ನು ತೆಗೆಯಲೇಬೇಕು, ಯಾವುದನ್ನು ಬಿಡಬಹುದು ಎಂದು ತಂತ್ರಜ್ಞರನ್ನೇ ಕೇಳಿ, ಗುಟ್ಟಾಗಿ ಒಳಗೆ ಉಳಿಸಿಕೊಳ್ಳಬೇಡಿ. ಕೆಲವು ಕೇಂದ್ರಗಳಲ್ಲಿ ಎಂ.ಆರ್.ಸಿ.ಪಿ.ಗೆ ಮುಂಚೆ ಅನಾನಸ್ ರಸ ಕುಡಿಸುತ್ತಾರೆ. ಉಪಚಾರ ಅಂದುಕೊಳ್ಳಬೇಡಿ. ಆ ರಸದಲ್ಲಿರುವ ಮ್ಯಾಂಗನೀಸ್ ಜಠರದ ನೀರನ್ನು ಚಿತ್ರದಲ್ಲಿ ಕಪ್ಪಾಗಿಸಿ, ಹಿಂದಿನ ನಾಳಗಳು ಎದ್ದು ಕಾಣುವಂತೆ ಮಾಡುತ್ತದೆ.

ಒಳಗೆ ಮಲಗಿದಾಗ ಉಸಿರಾಟ ಒಂದೇ ಲಯದಲ್ಲಿರಲಿ. ನಾಳ ಕೆಲವೇ ಮಿಲಿಮೀಟರ್ ಅಗಲದ್ದು. ಒಂದು ಕೆಮ್ಮು ಸಾಕು, ಅದು ಮಸುಕಾಗಲು.

ನಾಲ್ಕನೆಯ ಹಂತ: ಗುಳ್ಳೆಯನ್ನು ಬಿಟ್ಟು ಮೊದಲು ನಾಳವನ್ನು ನೋಡಿ

ಚಿತ್ರ ತೆರೆದ ಕೂಡಲೇ ಎಲ್ಲರ ಕಣ್ಣೂ ಗುಳ್ಳೆಯ ಮೇಲೆ ಬೀಳುತ್ತದೆ. ನಾನು ಕಿರಿಯರಿಗೆ ಹೇಳುವುದು, ಅದನ್ನು ಐದು ನಿಮಿಷ ಮರೆತುಬಿಡಿ ಎಂದು. ಬಾಳೆ ಎಲೆಯನ್ನು ನೆನಪಿಸಿಕೊಳ್ಳಿ. ನಡುವೆ ಒಂದು ದಿಂಡು, ಎರಡೂ ಬದಿಗೆ ಎಳೆಎಳೆಯಾಗಿ ನರಗಳು. ಮೇದೋಜೀರಕದ ಮುಖ್ಯ ನಾಳವೂ ಹಾಗೆಯೇ ಬಾಲದಿಂದ ತಲೆಯವರೆಗೆ ನಡುವಿನಲ್ಲಿ ಹರಿದು ಸಣ್ಣ ಕರುಳಿಗೆ ತೆರೆಯುತ್ತದೆ. ಕವಲುನಾಳಗಳು ಬದಿಗಳಿಂದ ಬಂದು ಅದಕ್ಕೆ ಸೇರುತ್ತವೆ. ಮುಖ್ಯ ನಾಳದ ಅಗಲ ಸಾಮಾನ್ಯವಾಗಿ 3 ಮಿ.ಮೀ. ಆಸುಪಾಸು.

ಎಂ.ಆರ್.ಸಿ.ಪಿ. 1991ರಿಂದೀಚೆಗೆ ಬಂದ ವಿಧಾನ. ನಿಂತ ನೀರನ್ನಷ್ಟೇ ಬೆಳ್ಳಗೆ ತೋರಿಸಿ ಉಳಿದುದನ್ನೆಲ್ಲ ಕಪ್ಪಿಗೆ ಸರಿಸುತ್ತದೆ. ಅದಕ್ಕೂ ಮುಂಚೆ ಈ ನಾಳ ನೋಡಬೇಕೆಂದರೆ ಬಾಯಿಂದ ಎಂಡೋಸ್ಕೋಪ್ ಇಳಿಸಿ ಔಷಧಿ ತುಂಬಿ ಎಕ್ಸ್‌ರೇ ತೆಗೆಯಬೇಕಿತ್ತು, ಅದರಿಂದಲೇ ಉರಿಯೂತ ಬರುವ ಭಯವೂ ಇತ್ತು. ಈಗ ಮಲಗಿ ಉಸಿರಾಡಿದರೆ ಸಾಕು. ಒಂದು ಎಚ್ಚರಿಕೆ: ವರದಿಯ ಜೊತೆ ಕೊಡುವ, ಗಾಜಿನ ಮರದಂತೆ ಹೊಳೆಯುವ ಸುಂದರ ಚಿತ್ರ ಎಲ್ಲ ಪದರಗಳನ್ನೂ ಒಂದರ ಮೇಲೊಂದು ಒತ್ತಿ ಮಾಡಿದ್ದು. ನಾಳದ ಮುಂದೆ ಅಥವಾ ಹಿಂದೆ ಸುಮ್ಮನೆ ಇರುವ ಗುಳ್ಳೆಯೂ ಅದರಲ್ಲಿ ನಾಳಕ್ಕೆ ಅಂಟಿದಂತೆ ಕಾಣುತ್ತದೆ. ಅಂಟಿದೆಯೋ ಇಲ್ಲವೋ ಎಂದು ತೀರ್ಮಾನಿಸಬೇಕಾದದ್ದು ಮೂಲ ತೆಳುಪದರಗಳಲ್ಲಿ.

ನಾಳದ ಬಗ್ಗೆ ನೋಡಬೇಕಾದದ್ದು ಮೂರು. ಸಿಸ್ಟ್‌ಗೂ ನಾಳಕ್ಕೂ ಸಂಪರ್ಕ ಇದೆಯೇ? ನಾಳ ಅಗಲವಾಗಿದೆಯೇ, ಆಗಿದ್ದರೆ ಎಷ್ಟು ಮಿ.ಮೀ.? ಎಲ್ಲಾದರೂ ಥಟ್ಟನೆ ಕಿರಿದಾಗಿ ನಿಂತಿದೆಯೇ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹರಿವ ಕಾಲುವೆಗೆ ಎಲ್ಲೋ ಅಡ್ಡಗಟ್ಟೆ ಬಿದ್ದರೆ ಮೇಲ್ಗಡೆ ನೀರು ನಿಲ್ಲುತ್ತದೆ. ಹಾಗೆ ನಿಂತ ನೀರೇ ಒಂದು ಸಿಸ್ಟ್ ಆಗಿ ಕಾಣಬಹುದು. ಅಡ್ಡಗಟ್ಟೆಯಾಗಿರುವುದು ಒಂದೂವರೆ ಸೆಂ.ಮೀ. ಕ್ಯಾನ್ಸರ್ ಗಡ್ಡೆಯಾಗಿರಬಹುದು. ಗುಳ್ಳೆಯನ್ನೇ ದಿಟ್ಟಿಸುತ್ತ ಗಡ್ಡೆಯನ್ನು ಬಿಟ್ಟುಬಿಡುವುದು ಈ ಕೆಲಸದಲ್ಲಿ ಆಗಬಹುದಾದ ಅತಿ ಕೆಟ್ಟ ತಪ್ಪು. ಆದ್ದರಿಂದ ನಾಳ ನಿಂತಲ್ಲಿ ನೀವೂ ನಿಲ್ಲಿ. ಅಲ್ಲಿಂದ ಬಾಲದ ಕಡೆಗೆ ಗ್ರಂಥಿ ಸೊರಗಿದೆಯೇ ಎಂದೂ ನೋಡಿ.

ದಕ್ಷಿಣ ಭಾರತದವರಿಗೆ ಇಲ್ಲಿ ಇನ್ನೊಂದು ಮಾತು. ಹಿಗ್ಗಿದ ನಾಳವೆಲ್ಲ, ಮುಂದಿನ ಹಂತದಲ್ಲಿ ಹೇಳುವ ಲೋಳೆ ಗಡ್ಡೆಯಿಂದಲೇ ಆದದ್ದಲ್ಲ. ಕೇರಳದಲ್ಲಿ ಹೆಚ್ಚಾಗಿ ವರ್ಣಿತವಾದ, ನಮ್ಮ ಕಡೆಯೂ ಸಿಗುವ ಉಷ್ಣವಲಯದ ಮೇದೋಜೀರಕ ಕಾಯಿಲೆಯಲ್ಲಿ, ಮದ್ಯ ಮುಟ್ಟದ ಯುವಕರಲ್ಲೂ ನಾಳ ಬಹಳ ಹಿಗ್ಗಿ ಒಳಗೆ ದಪ್ಪ ಕಲ್ಲುಗಳು ಕೂತಿರುತ್ತವೆ, ಸಕ್ಕರೆ ಕಾಯಿಲೆಯೂ ಜೊತೆಗಿರುತ್ತದೆ. ಎಂ.ಆರ್.ಐ.ಯಲ್ಲಿ ಕಲ್ಲು ನೀರಿನ ನಡುವಿನ ಕಪ್ಪು ಚುಕ್ಕೆಯಾಗಿ ಮಾತ್ರ ಕಾಣುತ್ತದೆ. ಕಾಂಟ್ರಾಸ್ಟ್ ಇಲ್ಲದ ಸರಳ ಸಿ.ಟಿ. ತೆಗೆದರೆ ಬೆಳ್ಳಗೆ ಹೊಳೆದು ಅನುಮಾನ ಪರಿಹಾರ.

ಐದನೆಯ ಹಂತ: ಈಗ ಗುಳ್ಳೆಯ ಒಳಗೆ

ಒಂದೇ ಕೋಣೆಯೇ, ಹಲವು ಕೋಣೆಗಳೇ? ಕೋಣೆಗಳು ಸಾಸಿವೆಯಷ್ಟೇ, ಹುಣಸೆಬೀಜದಷ್ಟೇ, ನಿಂಬೆಹಣ್ಣಿನಷ್ಟೇ? ಗೋಡೆ ತೆಳುವೋ ದಪ್ಪವೋ? ಸುಣ್ಣ ಕಟ್ಟಿದ್ದರೆ ನಡುವಿನಲ್ಲೋ ಅಂಚಿನಲ್ಲೋ? ಒಳಗೆ ಗಟ್ಟಿ ಪದಾರ್ಥವಿದೆಯೇ? ಅದು ಕಾಂಟ್ರಾಸ್ಟ್ ಕೊಟ್ಟಾಗ ಬೆಳಗುತ್ತದೆಯೇ? ಈ ಕೊನೆಯ ಪ್ರಶ್ನೆಯೇ ತೂಕದ್ದು. ಗೋಡೆಯ ಒಳಮೈಯಲ್ಲಿ ಎದ್ದ ಗಂಟು ಬೆಳಗಿದರೆ ಅದಕ್ಕೆ ರಕ್ತ ಹರಿಯುತ್ತಿದೆ, ಅದು ಜೀವಂತ ಅಂಗಾಂಶ. ಬೆಳಗದಿದ್ದರೆ ಲೋಳೆಯ ಉಂಡೆ ಇರಬಹುದು, ಹೆಪ್ಪುಗಟ್ಟಿದ ಕಸ ಇರಬಹುದು. ಸಿ.ಟಿ.ಯಲ್ಲಿ ಎಷ್ಟೋ ಸಲ ಎರಡೂ ಕಾಣುವುದೇ ಇಲ್ಲ. ನೀರಿನೊಳಗಿನ ಕಸವನ್ನು ಎಂ.ಆರ್.ಐ. ಮತ್ತು ಅಲ್ಟ್ರಾಸೌಂಡ್ ಹೆಚ್ಚು ಚೆನ್ನಾಗಿ ತೋರಿಸುತ್ತವೆ.

ಈ ಉತ್ತರಗಳನ್ನು ರೋಗಿಯ ವಯಸ್ಸಿನ ಪಕ್ಕ ಇಟ್ಟರೆ ಹೆಸರುಗಳು ತಾವಾಗಿ ಮುಂದೆ ಬರುತ್ತವೆ. ವೈದ್ಯವಿದ್ಯಾರ್ಥಿಗಳು ಇದನ್ನು ಅಜ್ಜಿ, ತಾಯಿ, ಮಗಳು ಎಂದು ಬಾಯಿಪಾಠ ಮಾಡುತ್ತಾರೆ.

ಅಜ್ಜಿಯ ಗಡ್ಡೆ ಸೀರಸ್ ಸಿಸ್ಟಡಿನೋಮ. ಅರವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು. ಜೇನುಹಲ್ಲೆಯನ್ನು ಅಡ್ಡ ಕೊಯ್ದಂತೆ ನೂರಾರು ಪುಟ್ಟ ಕೋಣೆಗಳು, ಕೆಲವರಲ್ಲಿ ನಡುವೆ ನಕ್ಷತ್ರದಂತಹ ಕಲೆ, ಅದರಲ್ಲಿ ಸುಣ್ಣ. ಕೋಣೆಗಳು ತೀರ ಚಿಕ್ಕವಾದರೆ ಸಿ.ಟಿ.ಯಲ್ಲಿ ಗಟ್ಟಿ ಗಡ್ಡೆಯಂತೆಯೇ ಕಂಡು ಬೆದರಿಸುತ್ತದೆ, ಎಂ.ಆರ್.ಐ.ಯಲ್ಲಿ ನೀರೆಲ್ಲ ಹೊಳೆದು ನಿಜ ಬಯಲಾಗುತ್ತದೆ. ಇದು ಕ್ಯಾನ್ಸರ್ ಆಗುವುದು ಅತ್ಯಪರೂಪ. ಒತ್ತಿ ತೊಂದರೆ ಕೊಡದಿದ್ದರೆ ಬಿಟ್ಟುಬಿಡಬಹುದು.

ತಾಯಿಯ ಗಡ್ಡೆ ಮ್ಯೂಸಿನಸ್ ಸಿಸ್ಟ್, ಅಂದರೆ ಲೋಳೆ ತುಂಬಿದ್ದು. ನಲವತ್ತು ಐವತ್ತರ ಹೆಂಗಸರು, ಗ್ರಂಥಿಯ ನಡುಭಾಗ ಅಥವಾ ಬಾಲ. ಒಂದು ದಪ್ಪ ಹೊರಗೋಡೆ, ಒಳಗೆ ಕಿತ್ತಳೆಯ ತೊಳೆಗಳಂತೆ ದೊಡ್ಡ ಕೋಣೆಗಳು. ಸುಣ್ಣ ಕಟ್ಟಿದರೆ ಅಂಚಿನಲ್ಲಿ, ಮೊಟ್ಟೆಯ ಚಿಪ್ಪಿನಂತೆ. ನಾಳಕ್ಕೆ ಸಾಮಾನ್ಯವಾಗಿ ಸಂಪರ್ಕ ಇರುವುದಿಲ್ಲ. ಇದರ ಗೋಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಡಾಶಯದ ಅಂಗಾಂಶದಂತೆಯೇ ಇರುತ್ತದೆ; ಗಂಡಸರಲ್ಲಿ ಇದು ಅಪರೂಪವಾಗಿರುವುದಕ್ಕೂ ಇದಕ್ಕೂ ನಂಟಿದೆ. ಮುಂದೆ ಕ್ಯಾನ್ಸರ್ ಆಗಬಲ್ಲದ್ದಾದ್ದರಿಂದ, ಗಟ್ಟಿಮುಟ್ಟಾಗಿರುವವರಿಗೆ ಶಸ್ತ್ರಚಿಕಿತ್ಸೆ ಸೂಚಿಸುವುದು ವಾಡಿಕೆ. ಗಂಟುಗಳಿಲ್ಲದ, 4 ಸೆಂ.ಮೀ.ಗಿಂತ ಚಿಕ್ಕದನ್ನು ಕಾದು ನೋಡಬಹುದೆಂದು 2018ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ.

ಮಗಳದು ಇಪ್ಪತ್ತು ಮೂವತ್ತರ ಹುಡುಗಿಯರಲ್ಲಿ ಬರುವ, ಅರ್ಧ ಗಟ್ಟಿ ಅರ್ಧ ರಕ್ತನೀರಿನ ಗಡ್ಡೆ. ಸುತ್ತ ಒಂದು ಸಿಪ್ಪೆ, ಒಳಗೆ ಹಳೆಯ ರಕ್ತ. ತೆಗೆಯಬೇಕು, ತೆಗೆದವರಲ್ಲಿ ಬಹುತೇಕರು ಚೆನ್ನಾಗಿರುತ್ತಾರೆ.

ಮನೆಯಲ್ಲಿ ಅಜ್ಜನೂ ಇದ್ದಾನೆ, ನಾವು ದಿನವೂ ನೋಡುವುದು ಅವನನ್ನೇ. ನಾಳದ ಒಳಪದರದಲ್ಲೇ ಹುಟ್ಟಿ ಲೋಳೆ ಸುರಿಸುವ ಈ ಗಡ್ಡೆಯನ್ನು 1982ರಲ್ಲಿ ಜಪಾನಿನ ವೈದ್ಯರು ಮೊದಲು ವಿವರಿಸಿದರು. ಐ.ಪಿ.ಎಂ.ಎನ್. ಎಂಬ ನಾಲ್ಕಕ್ಷರ ವರದಿಯಲ್ಲಿ ಕಂಡರೆ ಇದೇ. ಹೆಂಗಸರಿಗೂ ಬರುತ್ತದೆ, ಅಜ್ಜ ಎನ್ನುವುದು ಬರೀ ನೆನಪಿಗೆ. ಕವಲುನಾಳದಲ್ಲಿ ಹುಟ್ಟಿದರೆ ದ್ರಾಕ್ಷಿ ಗೊಂಚಲಿನಂತೆ ಕಾಣುತ್ತದೆ, ತೊಟ್ಟೊಂದು ಮುಖ್ಯ ನಾಳಕ್ಕೆ ಅಂಟಿರುತ್ತದೆ. ಆ ತೊಟ್ಟು ಸಿಕ್ಕಿದರೆ ರೋಗನಿರ್ಣಯ ಸಿಕ್ಕಂತೆ. ಇಂತಹವು ಗ್ರಂಥಿಯಲ್ಲಿ ಅಲ್ಲಲ್ಲಿ ನಾಲ್ಕಾರು ಇರುವುದೂ ಸಾಮಾನ್ಯ. ಇವುಗಳ ಅಪಾಯ ಕಡಿಮೆ. ಮುಖ್ಯ ನಾಳದಲ್ಲೇ ಹುಟ್ಟಿ ಅದನ್ನು ಹಿಗ್ಗಿಸಿದರೆ ಮಾತು ಬೇರೆ, ಅದರಲ್ಲಿ ಕ್ಯಾನ್ಸರ್ ಅಡಗಿರುವ ಸಾಧ್ಯತೆ ಸಾಕಷ್ಟು ಹೆಚ್ಚು.

ಈ ಸಂಸಾರಕ್ಕೆ ಸೇರದ ಹೊರಗಿನವನು ಸೂಡೊಸಿಸ್ಟ್, ಹುಸಿ ಸಿಸ್ಟ್. ಮೇದೋಜೀರಕಕ್ಕೆ ಉರಿಯೂತ ಬಂದು ರಸ ಸೋರಿ, ಸುಮಾರು ನಾಲ್ಕು ವಾರ ಕಳೆದ ಮೇಲೆ ದೇಹವೇ ಅದರ ಸುತ್ತ ಗೋಡೆ ಕಟ್ಟುತ್ತದೆ. ಒಳಗೆ ಬರೀ ನೀರಿದ್ದರೆ ಸೂಡೊಸಿಸ್ಟ್, ಸತ್ತ ಅಂಗಾಂಶದ ಚೂರುಗಳೂ ಇದ್ದರೆ ಬೇರೆಯೇ ಹೆಸರು, ಬೇರೆಯೇ ಚಿಕಿತ್ಸೆ. ಮೇದೋಜೀರಕದ ಉರಿಯೂತವನ್ನು ವಿಂಗಡಿಸುವ, 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣ ಇದನ್ನು ಸ್ಪಷ್ಟಪಡಿಸಿದೆ. ಉರಿಯೂತದ ಇತಿಹಾಸವೇ ಇಲ್ಲದವರಿಗೆ ಸೂಡೊಸಿಸ್ಟ್ ಎಂಬ ಹಣೆಪಟ್ಟಿ ಹಚ್ಚುವ ಮುನ್ನ ಹತ್ತು ಸಲ ಯೋಚಿಸಬೇಕು. ಎಂದೂ ಹೊಟ್ಟೆನೋವಿಗೆ ಆಸ್ಪತ್ರೆ ಕಾಣದ, ನಲವತ್ತೊಂದರ ಹೆಣ್ಣುಮಗಳೊಬ್ಬಳಿಗೆ ಒಂದು ಕಡೆ ಸೂಡೊಸಿಸ್ಟ್ ಎಂದು ಬರೆದು, ಅದರ ನೀರನ್ನು ಜಠರಕ್ಕೆ ಹರಿಯಬಿಟ್ಟಿದ್ದರು. ವರ್ಷವಾಗುವಷ್ಟರಲ್ಲಿ ಗುಳ್ಳೆ ಮತ್ತೆ ತುಂಬಿತ್ತು. ಹಳೆಯ ಸಿ.ಟಿ. ತರಿಸಿ ನೋಡಿದರೆ ಅಂಚಿನಲ್ಲಿ ಮೊಟ್ಟೆಚಿಪ್ಪಿನ ಸುಣ್ಣದ ಗೆರೆ ಅಂದೇ ಇತ್ತು. ಆ ಮೊದಲ ವರದಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಮೇಲಿನ ಚಿತ್ರಗಳೆಲ್ಲ ಪಠ್ಯದ ಚಿತ್ರಗಳು ಎಂಬುದನ್ನೂ ಹೇಳಿಬಿಡಬೇಕು. 2 ಸೆಂ.ಮೀ.ಗಿಂತ ಚಿಕ್ಕ, ಒಂದೇ ಕೋಣೆಯ ಸಿಸ್ಟ್‌ಗೆ ಎಷ್ಟೋ ಸಲ ಹೆಸರಿಡಲು ಆಗುವುದೇ ಇಲ್ಲ. ವರದಿಯಲ್ಲಿ ಇದು ಇರಬಹುದು, ಅದೂ ಇರಬಹುದು ಎಂದು ಬರೆದಿದ್ದರೆ ಬರೆದವರಿಗೆ ಗೊತ್ತಿಲ್ಲ ಎಂದು ಸಿಟ್ಟಾಗಬೇಡಿ. ಅದು ಪ್ರಾಮಾಣಿಕ ವರದಿ.

ಆರನೆಯ ಹಂತ: ಹೆಸರು ಸಿಗದಿದ್ದರೂ ಅಪಾಯ ಅಳೆಯಬಹುದು

ಲೋಳೆಯ ಸಿಸ್ಟ್‌ಗಳಿಗಾಗಿ ತಜ್ಞರು 2006ರಲ್ಲಿ ಸೆಂಡೈ, 2012ರಲ್ಲಿ ಫುಕುವೋಕ, ಈಚೆಗೆ ಕ್ಯೋಟೊ ಹೆಸರಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳನ್ನು ಕೊಟ್ಟಿದ್ದಾರೆ. ಕ್ಯೋಟೊ ಪ್ರಕಟವಾದದ್ದು 2024ರಲ್ಲಿ. ಮೂರೂ ಜಪಾನಿನ ಊರುಗಳ ಹೆಸರೇ. ಫುಕುವೋಕ, ಕ್ಯೋಟೊ ಎರಡೂ ಚಿಹ್ನೆಗಳನ್ನು ಎರಡು ದರ್ಜೆಯಾಗಿ ಬೇರ್ಪಡಿಸುತ್ತವೆ.

ತಡಮಾಡದೆ ಶಸ್ತ್ರಚಿಕಿತ್ಸಕರ ಬಳಿ ಹೋಗಬೇಕಾದವು: ತಲೆಭಾಗದ ಸಿಸ್ಟ್ ಜೊತೆಗೆ ಕಾಮಾಲೆ, ಕಾಂಟ್ರಾಸ್ಟ್‌ಗೆ ಬೆಳಗುವ, 5 ಮಿ.ಮೀ. ಅಥವಾ ಹೆಚ್ಚಿನ ಗೋಡೆಗಂಟು, ಇಲ್ಲವೇ ಗಟ್ಟಿ ಭಾಗ. ಮುಖ್ಯ ನಾಳ 10 ಮಿ.ಮೀ. ಅಥವಾ ಹೆಚ್ಚು, ಜೀವಕೋಶ ಪರೀಕ್ಷೆಯಲ್ಲಿ ಕ್ಯಾನ್ಸರ್ ಅನುಮಾನ.

ಇನ್ನೂ ಆಳವಾಗಿ ನೋಡಬೇಕಾದವು ಎರಡನೆಯ ದರ್ಜೆಯವು. ಸಿಸ್ಟ್ 30 ಮಿ.ಮೀ. ಮುಟ್ಟಿದ್ದು, ಗೋಡೆ ದಪ್ಪಗಾಗಿ ಬೆಳಗುವುದು, 5 ಮಿ.ಮೀ.ಗಿಂತ ಚಿಕ್ಕ ಗಂಟು, ನಾಳ 5ರಿಂದ 9 ಮಿ.ಮೀ., ನಾಳ ಥಟ್ಟನೆ ಕಿರಿದಾಗಿ ಮೇಲ್ಗಡೆ ಗ್ರಂಥಿ ಸೊರಗಿರುವುದು, ಹಾಲ್ರಸ ಗ್ರಂಥಿಗಳ ಊತ, ವರ್ಷಕ್ಕೆ 2.5 ಮಿ.ಮೀ. ಅಥವಾ ಹೆಚ್ಚಿನ ಬೆಳವಣಿಗೆ. ಚಿತ್ರದ ಹೊರಗಿನವೂ ಇದರಲ್ಲಿವೆ: ಉರಿಯೂತ ಬಂದದ್ದು, ಒಂದು ವರ್ಷದೊಳಗೆ ಹೊಸದಾಗಿ ಬಂದ ಅಥವಾ ಏಕಾಏಕಿ ಹದಗೆಟ್ಟ ಮಧುಮೇಹ, ರಕ್ತದಲ್ಲಿ ಸಿ.ಎ. 19-9 (ಈ ಕ್ಯಾನ್ಸರಿನಲ್ಲಿ ಏರಬಲ್ಲ ಒಂದು ವಸ್ತು) ಏರಿಕೆ. ಈ ರಕ್ತಪರೀಕ್ಷೆ ಬರೀ ಪಿತ್ತನಾಳ ಕಟ್ಟಿಕೊಂಡರೂ ಏರುತ್ತದೆ, ಆದ್ದರಿಂದ ಅದೊಂದನ್ನೇ ಹಿಡಿದು ಕಂಗಾಲಾಗುವುದು ಬೇಡ.

ಗಾತ್ರವೊಂದನ್ನೇ ನೋಡಿ ಹೆದರುವವರೇ ಹೆಚ್ಚು. ನನ್ನ ಮಟ್ಟಿಗೆ, ಗೋಡೆಯಲ್ಲಿ ಬೆಳಗುವ ಗಂಟಿರುವ 15 ಮಿ.ಮೀ. ಸಿಸ್ಟ್‌ನ ಎದುರು, ತೆಳುಗೋಡೆಯ ತಿಳಿನೀರಿನ 35 ಮಿ.ಮೀ. ಸಿಸ್ಟ್ ಎಷ್ಟೋ ಸಾಧು.

ಏಳನೆಯ ಹಂತ: ಒಳಗಿನಿಂದ ನೋಡುವುದು, ಬೇಕಾದವರಿಗೆ ಮಾತ್ರ

ಎರಡನೆಯ ದರ್ಜೆಯ ಚಿಹ್ನೆ ಇದ್ದವರಿಗೆ, ಚಿತ್ರದಿಂದ ಹೆಸರು ಬಗೆಹರಿಯದವರಿಗೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಕೊಳವೆಯ ತುದಿಯಲ್ಲೇ ಅಲ್ಟ್ರಾಸೌಂಡ್ ಇರುತ್ತದೆ; ಜಠರದ ಒಳಗಿನಿಂದ ನೋಡುವುದರಿಂದ ಗ್ಯಾಸಿನ ಅಡ್ಡಿಯಿಲ್ಲ, ಗ್ರಂಥಿ ಒಂದು ಗೋಡೆಯಾಚೆಗೇ ಇರುತ್ತದೆ. ಬೇಕಾದರೆ ಅಲ್ಲಿಂದಲೇ ಸೂಜಿ ಹಾಕಿ ನೀರು ಹೀರಬಹುದು.

ಆ ನೀರಿನಲ್ಲಿ ಮೂರು ಸಂಖ್ಯೆ ಮುಖ್ಯ. ಸಿ.ಇ.ಎ. ಎಂಬ ಪ್ರೋಟೀನು 192 ನ್ಯಾನೊಗ್ರಾಂ ದಾಟಿದರೆ ಲೋಳೆಯ ಸಿಸ್ಟ್ ಎನ್ನುವತ್ತ ಒಲವು. ಗ್ಲೂಕೋಸ್ 50 ಮಿಲಿಗ್ರಾಂಗಿಂತ ಕಡಿಮೆ ಇದ್ದರೂ ಅದೇ ಸೂಚನೆ. ಇದು ಅಗ್ಗದ ಪರೀಕ್ಷೆ, ಎಲ್ಲ ಲ್ಯಾಬಿನಲ್ಲೂ ಆಗುತ್ತದೆ. ಅಮೈಲೇಸ್ ಎಂಬ ಜೀರ್ಣಕಿಣ್ವ 250ಕ್ಕಿಂತ ಕಡಿಮೆ ಇದ್ದರೆ ಸೂಡೊಸಿಸ್ಟ್ ಅಲ್ಲ ಎಂದೇ ಹೇಳಬಹುದು. ಸಂಖ್ಯೆ ಬರುವ ಮುನ್ನವೇ ಒಂದು ಹನಿಯನ್ನು ಎರಡು ಬೆರಳ ನಡುವೆ ಎಳೆದು ನೋಡುವ ಹಳೆಯ ಪದ್ಧತಿಯೂ ಇದೆ. ಬೆಲ್ಲದ ಎಳೆಪಾಕದಂತೆ ನೂಲೆಳೆ ಬಂದರೆ ಅದು ಲೋಳೆ. ಈ ಯಾವ ಸಂಖ್ಯೆಯೂ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಹೇಳುವುದಿಲ್ಲ, ಸಿಸ್ಟ್‌ನ ಜಾತಿಯನ್ನಷ್ಟೇ ಹೇಳುತ್ತದೆ.

ಸೂಜಿಯಿಂದ ಉರಿಯೂತ, ಸೋಂಕು, ರಕ್ತಸ್ರಾವ ಆಗುವುದು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಎಂ.ಆರ್.ಐ.ಯಲ್ಲಿ ಜೇನುಹಲ್ಲೆ ಸ್ಪಷ್ಟವಾಗಿ ಕಂಡ ಅಜ್ಜಿಗೆ ಸೂಜಿ ಚುಚ್ಚುವುದರಲ್ಲಿ ಅರ್ಥವಿಲ್ಲ.

ಎಂಟನೆಯ ಹಂತ: ಅಳೆದು ಕಾಯುವುದು

ಅಪಾಯದ ಚಿಹ್ನೆ ಇಲ್ಲದ ಕವಲುನಾಳದ ಸಿಸ್ಟ್‌ಗೆ ಕ್ಯೋಟೊ ಸೂಚಿಸುವ ಕ್ರಮ ಹೀಗಿದೆ. 20 ಮಿ.ಮೀ.ಗಿಂತ ಚಿಕ್ಕದಾದರೆ ಆರು ತಿಂಗಳಿಗೆ ಒಮ್ಮೆ ನೋಡಿ, ಬದಲಾಗಿರದಿದ್ದರೆ ಆಮೇಲೆ 18 ತಿಂಗಳಿಗೊಮ್ಮೆ. 20ರಿಂದ 30ರ ನಡುವಿನದಾದರೆ ಆರಾರು ತಿಂಗಳಿಗೆ ಎರಡು ಸಲ, ನಂತರ ವರ್ಷಕ್ಕೊಮ್ಮೆ. 30 ಮುಟ್ಟಿದ್ದು, ಆಳವಾಗಿ ನೋಡಿದ ಮೇಲೂ ಬೇರೆ ಅಪಾಯದ ಚಿಹ್ನೆ ಸಿಗದಿದ್ದರೆ ಆರು ತಿಂಗಳಿಗೊಮ್ಮೆ. ಚಿಕ್ಕ ಸಿಸ್ಟ್ ಐದು ವರ್ಷ ಅಲುಗಾಡದಿದ್ದರೆ ನಿಲ್ಲಿಸುವುದೋ ಮುಂದುವರಿಸುವುದೋ ಎಂಬುದನ್ನು ರೋಗಿಯೊಂದಿಗೆ ಕೂತು ತೀರ್ಮಾನಿಸಬಹುದು. ಶಸ್ತ್ರಚಿಕಿತ್ಸೆಯನ್ನು ತಡೆದುಕೊಳ್ಳಲಾರದ, ಅಥವಾ ಏನೇ ಕಂಡರೂ ಮಾಡಿಸಿಕೊಳ್ಳುವುದಿಲ್ಲವೆಂದು ನಿರ್ಧರಿಸಿದ ಹಿರಿಯರನ್ನು ಪ್ರತಿವರ್ಷ ಯಂತ್ರದೊಳಗೆ ಮಲಗಿಸುವುದು ನನಗೆ ಸರಿಕಾಣುವುದಿಲ್ಲ.

ಇಲ್ಲಿ ಜಗಳ ಹುಟ್ಟುವುದು ಅಳತೆಯಿಂದ. ಒಬ್ಬರು ಅಡ್ಡ ಅಳೆದರೆ ಇನ್ನೊಬ್ಬರು ಉದ್ದ ಅಳೆಯುತ್ತಾರೆ, ಒಮ್ಮೆ ಸಿ.ಟಿ., ಮತ್ತೊಮ್ಮೆ ಎಂ.ಆರ್.ಐ.; ಅಷ್ಟಕ್ಕೇ ಎರಡು ಮೂರು ಮಿ.ಮೀ. ವ್ಯತ್ಯಾಸ ಬಂದು ಸಿಸ್ಟ್ ಬೆಳೆದಿದೆ ಎಂಬ ಗುಲ್ಲು. ಸಾಧ್ಯವಾದಷ್ಟೂ ಅದೇ ಬಗೆಯ ಸ್ಕ್ಯಾನ್, ಅದೇ ಕೇಂದ್ರದಲ್ಲಿ, ಅದೇ ದಿಕ್ಕಿನ ಚಿತ್ರದಲ್ಲಿ ಅತಿ ಉದ್ದದ ಅಳತೆ ತೆಗೆಯಬೇಕು. ಹೋಲಿಸಬೇಕಾದದ್ದು ಹಳೆಯ ವರದಿಯ ಅಂಕಿಯನ್ನಲ್ಲ, ಹಳೆಯ ಚಿತ್ರವನ್ನೇ ಪಕ್ಕದಲ್ಲಿ ತೆರೆದು ಮತ್ತೆ ಅಳೆಯಬೇಕು. ಕಳೆದ ಸಲದ್ದರ ಜೊತೆಗೆ ಎಲ್ಲಕ್ಕಿಂತ ಹಳೆಯದನ್ನೂ ತೆರೆಯಿರಿ. ವರ್ಷಕ್ಕೆ ಒಂದೊಂದೇ ಮಿ.ಮೀ. ಬೆಳೆದದ್ದು ಕಳೆದ ವರ್ಷದ ಚಿತ್ರದ ಪಕ್ಕದಲ್ಲಿ ಗೊತ್ತಾಗುವುದಿಲ್ಲ. ಪ್ರತಿ ಸಲವೂ ಗ್ರಂಥಿಯ ಉಳಿದ ಭಾಗವನ್ನೂ ಹೊಸದಾಗಿ ನೋಡುವಂತೆ ನೋಡಬೇಕು, ಏಕೆಂದರೆ ಇಂತಹ ಸಿಸ್ಟ್ ಇರುವವರಲ್ಲಿ ಕ್ಯಾನ್ಸರ್ ಸಿಸ್ಟ್‌ನಿಂದ ದೂರದ ಇನ್ನೊಂದು ಮೂಲೆಯಲ್ಲೂ ಹುಟ್ಟಬಲ್ಲದು.

ಆ ಶಿಕ್ಷಕಿ ಈಗಲೂ ಬರುತ್ತಾರೆ. ಹಳದಿ ಕವರ್ ಹೋಗಿ, ದಿನಾಂಕ ಬರೆದ ಚೀಟಿ ಅಂಟಿಸಿದ ಫೈಲ್ ಬಂದಿದೆ. ಫಿಲಂನಲ್ಲಿ ಆಯ್ದ ಕೆಲವು ಚಿತ್ರಗಳಷ್ಟೇ ಇರುತ್ತವೆ, ನೂರಾರು ಪದರಗಳಿರುವುದು ಸಿ.ಡಿ.ಯಲ್ಲಿ, ಆದ್ದರಿಂದ ಪ್ರತಿ ಸ್ಕ್ಯಾನ್‌ಗೂ ಸಿ.ಡಿ. ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ, ಕಿಟಕಿಗೆ ಹಿಡಿದ ಫಿಲಂನ ವಾಟ್ಸಾಪ್ ಫೋಟೊದಲ್ಲಿ ಮೇದೋಜೀರಕದ ನಾಳ ಕಾಣುವುದಿಲ್ಲ. ಹೊರಡುವ ಮುನ್ನ ಸಿ.ಡಿ. ತೆರೆಯುತ್ತದೆಯೇ ಎಂದು ಅಲ್ಲಿನ ಕೌಂಟರ್‌ನಲ್ಲೇ ಹಾಕಿಸಿ ನೋಡಿ. ನೂರು ಕಿಲೋಮೀಟರ್ ಬಸ್ಸಿನಲ್ಲಿ ಬಂದವರ ಕೈಯಲ್ಲಿ ಖಾಲಿ ಸಿ.ಡಿ. ಇದ್ದದ್ದನ್ನು ನಾನು ಒಮ್ಮೆಯಲ್ಲ, ಹಲವು ಸಲ ಕಂಡಿದ್ದೇನೆ.